ಗೆದ್ದವರೇ ಸೇರಿದ ಕಣದಲ್ಲಿ ಗೆಲ್ಲುವವರು ಯಾರು?



ಹಾನಗಲ್ ತಾಲ್ಲೂಕಿನ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ ಬರೆದ ಪತ್ರ ನನ್ನ ಮೇಜಿನ ಮೇಲಿದೆ. ಅವನ ಶಾಲೆಯ ಕಬಡ್ಡಿ ತಂಡ ತಾಲ್ಲೂಕಿಗೇ ಮೊದಲು ಬಂತು. ಊರಲ್ಲಿ ಹಾರ ಹಾಕಿದರು, ಹಲಗೆ ಬಾರಿಸಿದರು. ಆಮೇಲೆ ಜಿಲ್ಲಾ ಮಟ್ಟದ ಆಟಕ್ಕೆ ಹಾವೇರಿಗೆ ಹೋದ ತಂಡ ಮೊದಲ ಪಂದ್ಯದಲ್ಲೇ ಸೋತು ಸಂಜೆ ಬಸ್ಸಿಗೆ ವಾಪಸಾಯಿತು. 'ಹಂಗಾದ್ರ ನಾವು ತಾಲ್ಲೂಕಿನ್ಯಾಗ ಗೆದ್ದದ್ದು ಸುಳ್ಳೇನ್ರಿ ಸರ್?' ಎಂದು ಕೇಳಿದ್ದಾನೆ.

ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲ ಕಡೆಯೂ ಪ್ರತಿ ವರ್ಷ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳಿಕೊಳ್ಳುತ್ತಿರಬೇಕು. ಉತ್ತರ ಕೊಡಲು ನಾನು ಸ್ವಲ್ಪ ದೂರದ ಆಟವೊಂದನ್ನು ಆರಿಸಿಕೊಂಡಿದ್ದೇನೆ. ಅದು ಸ್ನೂಕರ್. ಆ ಆಟದಲ್ಲಿ ಕೇವಲ ಗೆದ್ದವರನ್ನೇ ಕರೆದು ಆಡಿಸುವ ಒಂದು ಪಂದ್ಯಾವಳಿ ಉಂಟು. 'ಚಾಂಪಿಯನ್ ಆಫ್ ಚಾಂಪಿಯನ್ಸ್' ಎಂದು ಅದರ ಹೆಸರು.

ಸ್ನೂಕರ್ ಮೇಜನ್ನು ನಿಮ್ಮಲ್ಲಿ ಅನೇಕರು ಕಿರುತೆರೆಯಲ್ಲಿ ಮಾತ್ರ ನೋಡಿರಬಹುದು. ಆದರೆ ಕೇರಂ ಆಡದವರು ಯಾರಿದ್ದಾರೆ? ಅಲ್ಲಿಂದಲೇ ಹೊರಡೋಣ. ಕೇರಂ ಹಲಗೆಯನ್ನು ಸುಮಾರು 12 ಅಡಿ ಉದ್ದ, 6 ಅಡಿ ಅಗಲಕ್ಕೆ ಹಿಗ್ಗಿಸಿ, ಮೇಲೆ ಹಸಿರು ಉಣ್ಣೆಬಟ್ಟೆ ಹೊದಿಸಿ. ನಾಲ್ಕು ಕುಳಿಗಳ ಬದಲು ಆರು ಕುಳಿ. ಸ್ಟ್ರೈಕರಿನ ಬದಲು ಬಿಳಿ ಚೆಂಡು, ಬೆರಳಿನ ಬದಲು ಉದ್ದನೆಯ ಕ್ಯೂ ಕೋಲು. ಕೆಂಪು ಚೆಂಡು 15. ಒಂದೊಂದಕ್ಕೆ ಒಂದು ಅಂಕ. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಕೇರಂನಲ್ಲಿ ರೆಡ್ ಹಾಕಿದ ಮೇಲೆ ಫಾಲೋ ಹಾಕಬೇಕಲ್ಲ, ಹಾಗೆ ಇಲ್ಲಿ ಪ್ರತಿ ಕೆಂಪು ಚೆಂಡಿನ ಹಿಂದೆ ಒಂದು ಬಣ್ಣದ ಚೆಂಡು. ಬಣ್ಣದ ಚೆಂಡು ಕುಳಿಗೆ ಬಿದ್ದರೂ ಮತ್ತೆ ಮೇಜಿನ ಮೇಲೆ ಬಂದು ಕೂರುತ್ತದೆ. ಕೆಂಪು ಮಾತ್ರ ಹೋದದ್ದು ಹೋಯಿತು. ಕೆಂಪೆಲ್ಲ ಮುಗಿದ ಮೇಲೆ ಬಣ್ಣಗಳನ್ನು ಕ್ರಮವಾಗಿ ಹಾಕಬೇಕು. ಪ್ರತಿ ಕೆಂಪಿನ ಹಿಂದೆಯೂ ಕಪ್ಪನ್ನೇ ಹಾಕಿದರೆ 15 ಬಾರಿ 8, ಅಂದರೆ 120. ಕೊನೆಯ ಆರು ಬಣ್ಣಗಳಿಂದ 27. ಒಟ್ಟು 147. ಎದುರಾಳಿ ತಪ್ಪು ಮಾಡದಿದ್ದರೆ ಒಂದೇ ಸರದಿಯಲ್ಲಿ ಗಳಿಸಬಹುದಾದ ಗರಿಷ್ಠ ಮೊತ್ತ ಇದೇ. ಇಂಥ ಒಂದು ಸುತ್ತಿನ ಆಟಕ್ಕೆ ಫ್ರೇಮ್ ಎನ್ನುತ್ತಾರೆ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಜಬಲ್ಪುರದಲ್ಲಿ. 1875ರಲ್ಲಿ ಅಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿದ. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ.) ಮೈಸೂರಿನಿಂದ ಘಟ್ಟ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ಒಂದು ರೂಪಕ್ಕೆ ಬಂದವು. ಇನ್ನು ಕಿರುತೆರೆಗೂ ಸ್ನೂಕರಿಗೂ ಇರುವ ನಂಟು ನನ್ನ ವೃತ್ತಿಗೆ ಸೇರಿದ್ದು. 1969ರಲ್ಲಿ ಬಿಬಿಸಿ ತನ್ನ ಹೊಸ ಬಣ್ಣದ ಪ್ರಸಾರವನ್ನು ಜನರಿಗೆ ತೋರಿಸಲು 'ಪಾಟ್ ಬ್ಲ್ಯಾಕ್' ಎಂಬ ಸ್ನೂಕರ್ ಕಾರ್ಯಕ್ರಮ ಆರಂಭಿಸಿತು. ಬಣ್ಣವೇ ಅಂಕವಾಗಿರುವ ಆಟಕ್ಕಿಂತ ಒಳ್ಳೆಯ ಜಾಹೀರಾತು ಇನ್ನೇನು ಬೇಕು? ಕಪ್ಪು-ಬಿಳುಪು ಪೆಟ್ಟಿಗೆಯಲ್ಲಿ ನೋಡಿದವರಿಗೆ ಹಸಿರು ಯಾವುದು, ಕಂದು ಯಾವುದು ಎಂದು ತಿಳಿಯಲು ದೇವರೇ ದಿಕ್ಕು.

ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡೂ ಸೇರಿ 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28ಕ್ಕೆ ಮುಟ್ಟಿತು. ನಡುವೆ 2012ರಿಂದ 2014ರವರೆಗೆ ಅವರು ವೃತ್ತಿಪರ ಸ್ನೂಕರ್ ಆಡಿದರು. 2013ರ ವೇಲ್ಸ್ ಓಪನ್‌ನಲ್ಲಿ ಎಂಟರ ಘಟ್ಟ ತಲುಪಿದ್ದೇ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ದೆಹಲಿಯ ಇಂಡಿಯನ್ ಓಪನ್‌ನಲ್ಲಿ ಮುಂಬೈಯ ಆದಿತ್ಯ ಮೆಹ್ತಾ ಫೈನಲ್ ತನಕ ಹೋಗಿ ಚೀನಾದ ಡಿಂಗ್ ಜುನ್‌ಹುಯಿ ಅವರಿಗೆ 5-0ರಲ್ಲಿ ಸೋತರು. ಹವ್ಯಾಸಿಗಳ ವಿಶ್ವವಿಜೇತರಿಗೂ ವೃತ್ತಿಪರ ಕಣ ಎಷ್ಟು ಬಿಗಿ ಎಂಬುದು ಇದರಿಂದ ತಿಳಿಯುತ್ತದೆ. ತಾಲ್ಲೂಕಿನಿಂದ ಜಿಲ್ಲೆಗೆ ಹೋದ ಕಬಡ್ಡಿ ತಂಡದ ಕಥೆಯೂ ಒಂದು ಅಳತೆಯಲ್ಲಿ ಇದೇ.

ಈಗ ಪಂದ್ಯಾವಳಿಗೆ ಬರೋಣ. 1978ರಲ್ಲಿ ಮತ್ತು 1980ರಲ್ಲಿ ಇಂಗ್ಲೆಂಡಿನಲ್ಲಿ ಈ ಹೆಸರಿನ ಆಟ ನಡೆದು ನಿಂತುಹೋಗಿತ್ತು. ಮೂರು ದಶಕಗಳ ನಂತರ, 2013ರಲ್ಲಿ, ಕೊವೆಂಟ್ರಿ ನಗರದಲ್ಲಿ ಮತ್ತೆ ಆರಂಭವಾಯಿತು. ಇಲ್ಲಿ ಅರ್ಜಿ ಹಾಕುವಂತಿಲ್ಲ, ಅರ್ಹತಾ ಸುತ್ತು ಇಲ್ಲ, ಕರೆದವರು ಬರಬೇಕು. ಜಾತ್ರೆಯ ಕುಸ್ತಿಯಲ್ಲಿ ಕಮಿಟಿಯವರು ಹೆಸರಾಂತ ಪೈಲ್ವಾನರಿಗೆ ಹೇಳಿಕಳಿಸಿ ಜೋಡಿ ಹಚ್ಚುತ್ತಾರಲ್ಲ, ಅಂಥದು. ವ್ಯತ್ಯಾಸವೆಂದರೆ ಕಮಿಟಿಯ ಮರ್ಜಿಗೆ ಇಲ್ಲಿ ಜಾಗ ಕಡಿಮೆ. ಹಿಂದಿನ ಸುಮಾರು ಒಂದು ವರ್ಷದಲ್ಲಿ ಮುಖ್ಯ ಪಂದ್ಯಾವಳಿ ಗೆದ್ದವರಿಗೆ ಕರೆ. 2024ರವರೆಗೆ ಒಟ್ಟು 16 ಜಾಗ ಇದ್ದವು. ಆದರೆ ಒಬ್ಬರೇ ನಾಲ್ಕು ಪ್ರಶಸ್ತಿ ಗೆದ್ದರೂ ಅವರಿಗೆ ಕುರ್ಚಿ ಒಂದೇ. ಹಾಗೆ ಉಳಿದ ಕುರ್ಚಿಗಳನ್ನು ವಿಶ್ವ ಶ್ರೇಯಾಂಕ ಪಟ್ಟಿ ನೋಡಿ ತುಂಬುತ್ತಾರೆ. ಆದ್ದರಿಂದ ಚಾಂಪಿಯನ್ನರ ಕೂಟದಲ್ಲಿ ಒಂದಿಬ್ಬರು ಆ ವರ್ಷ ಏನನ್ನೂ ಗೆಲ್ಲದವರು ಇರುವುದೂ ಉಂಟು! ಹೆಸರಿಗೆ ಇದು ಚೂರು ಕುಂದೇ ಎಂದು ನನ್ನ ಅಭಿಪ್ರಾಯ. ಗೆದ್ದವರಿಗೆ ಹಣ ದೊರೆಯುತ್ತದೆ. ಶ್ರೇಯಾಂಕಕ್ಕೆ ಅಂಕ ಮಾತ್ರ ಸಿಗುವುದಿಲ್ಲ.

ಆ ಹದಿನಾರು ಮಂದಿಯನ್ನು ನಾಲ್ಕು ಗುಂಪು ಮಾಡುತ್ತಿದ್ದರು. ಒಂದು ಗುಂಪಿನ ಆಟ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಮೊದಲ ಪಂದ್ಯದಲ್ಲಿ 4 ಫ್ರೇಮ್ ಮೊದಲು ಗೆದ್ದವರು ಮುಂದಕ್ಕೆ. ಗುಂಪಿನ ಕೊನೆಯ ಪಂದ್ಯಕ್ಕೆ 6 ಫ್ರೇಮ್, ಸೆಮಿಫೈನಲಿಗೂ 6, ಫೈನಲಿಗೆ 10. ಹೀಗೆ ಪಂದ್ಯ ಉದ್ದವಾಗುತ್ತ ಹೋಗುವುದಕ್ಕೆ ಕಾರಣವಿದೆ. ನಾನು ಓದಿದ್ದು ವಿಜ್ಞಾನ. ಲೆಕ್ಕ ಹಾಕದೆ ಬಿಡಲು ಮನಸ್ಸಿಲ್ಲ. ಪೆನ್ಸಿಲ್ ತೆಗೆದುಕೊಳ್ಳಿ.

ಒಬ್ಬ ಆಟಗಾರ ಎದುರಾಳಿಗಿಂತ ಖಂಡಿತ ಮೇಲು. ನೂರು ಫ್ರೇಮ್ ಆಡಿದರೆ 60 ಗೆಲ್ಲುತ್ತಾನೆ ಎಂದಿಟ್ಟುಕೊಳ್ಳೋಣ. ಒಂದೇ ಫ್ರೇಮಿನ ಪಂದ್ಯವಾದರೆ ಅವನು ಸೋಲುವ ಸಂಭವ ನೂರಕ್ಕೆ 40. ಮೊದಲು 2 ಫ್ರೇಮ್ ಗೆದ್ದವರು ವಿಜೇತರು ಎಂದರೇನಾಗುತ್ತದೆ? ಎರಡನ್ನೂ ಸತತವಾಗಿ ಗೆಲ್ಲುವ ಸಂಭವ 0.6 × 0.6 = 0.36. ಮೊದಲೆರಡರಲ್ಲಿ ಒಂದನ್ನು ಸೋತು ಮೂರನೆಯದನ್ನು ಗೆಲ್ಲುವುದು ಎರಡು ಬಗೆಯಲ್ಲಿ ಆಗಬಹುದು: 2 × 0.6 × 0.4 × 0.6 = 0.288. ಕೂಡಿಸಿದರೆ 0.648. ಅಂದರೆ 60 ಇದ್ದದ್ದು ಸುಮಾರು 65 ಆಯಿತು. ಇದೇ ಲೆಕ್ಕವನ್ನು ಮುಂದುವರಿಸಿದರೆ 4 ಫ್ರೇಮಿನ ಪಂದ್ಯಕ್ಕೆ ನೂರಕ್ಕೆ 71, 6ಕ್ಕೆ 75, 10ಕ್ಕೆ 81. ಪಂದ್ಯ ಉದ್ದವಾದಷ್ಟೂ ಅದೃಷ್ಟದ ಪಾಲು ಸವೆಯುತ್ತದೆ, ಆಟದ ಪಾಲು ಬೆಳೆಯುತ್ತದೆ. ಫೈನಲ್ ಪಂದ್ಯ ಎರಡು ಅವಧಿಗಳಲ್ಲಿ ನಡೆಯುವಷ್ಟು ಉದ್ದವಾಗಿರುವುದು ಬರೀ ಪ್ರಸಾರದ ಸಮಯ ತುಂಬಿಸಲಿಕ್ಕಲ್ಲ.

ಆದರೆ ಅವನು ಗೆಲ್ಲಬೇಕಾದದ್ದು ಒಂದು ಪಂದ್ಯವನ್ನಲ್ಲ, ನಾಲ್ಕನ್ನು. ನಾಲ್ಕೂ ಸಂಭವಗಳನ್ನು ಗುಣಿಸಿ: 0.71 × 0.75 × 0.75 × 0.81. ಉತ್ತರ ಸುಮಾರು 0.32. ಕೂಟದ ಪ್ರತಿಯೊಬ್ಬರಿಗಿಂತಲೂ ಇಷ್ಟು ಮೇಲಾದವನು ಕೂಡ ಮೂರು ವರ್ಷಕ್ಕೊಮ್ಮೆ ಕಪ್ಪು ಎತ್ತಬಹುದು, ಅಷ್ಟೇ. ಉಳಿದೆರಡು ವರ್ಷ ಅವನು ಎಲ್ಲೋ ಒಂದು ಕಡೆ ಸೋತಿರುತ್ತಾನೆ! ಅವನ ಮೇಲುಗೈ ನೂರಕ್ಕೆ 55 ಮಾತ್ರ ಎಂದಾದರೆ ಆರು ವರ್ಷಕ್ಕೊಮ್ಮೆ. ಚಾಂಪಿಯನ್ನರ ನಡುವೆ ಅಂತರ ಸಾಮಾನ್ಯವಾಗಿ ಇಷ್ಟು ಸಣ್ಣದೇ ಇರುತ್ತದೆ.

ನಡೆದದ್ದನ್ನು ನೋಡಿ. 2013ರಿಂದ 2024ರವರೆಗೆ 12 ಬಾರಿ ಈ ಆಟ ನಡೆಯಿತು. ಈ ಕಾಲದ ಅತಿ ದೊಡ್ಡ ಆಟಗಾರರೆಂದು ಹೆಚ್ಚಿನವರು ಒಪ್ಪುವ ರಾನಿ ಓಸಲಿವನ್ ಗೆದ್ದದ್ದು 4 ಬಾರಿ: 2013, 2014, 2018, 2022. ನೀಲ್ ರಾಬರ್ಟ್‌ಸನ್ ಮತ್ತು ಮಾರ್ಕ್ ಆ್ಯಲನ್ ಎರಡೆರಡು ಸಲ; ಜಾನ್ ಹಿಗಿನ್ಸ್, ಷಾನ್ ಮರ್ಫಿ, ಜಡ್ ಟ್ರಂಪ್, ಮಾರ್ಕ್ ವಿಲಿಯಮ್ಸ್ ಒಂದೊಂದು ಸಲ. ಹನ್ನೆರಡರಲ್ಲಿ ನಾಲ್ಕು, ಮೂರರಲ್ಲಿ ಒಂದು! ನಮ್ಮ ಲೆಕ್ಕಕ್ಕೆ ಇಷ್ಟು ಸರಿಯಾಗಿ ಹೊಂದಿದ್ದು ಕಾಕತಾಳೀಯವೂ ಇರಬಹುದು. ಹನ್ನೆರಡು ಬಾರಿಯ ಆಟದಿಂದ ಸಿದ್ಧಾಂತ ಕಟ್ಟಲಾಗದು. 2018ರ ಫೈನಲಿನಲ್ಲಿ ಓಸಲಿವನ್ ಮತ್ತು ಕೈರನ್ ವಿಲ್ಸನ್ 9-9 ಸಮ ಆಗಿದ್ದರು. 2019ರಲ್ಲಿ ರಾಬರ್ಟ್‌ಸನ್ ಮತ್ತು ಟ್ರಂಪ್ ಕೂಡ 9-9. ಹದಿನೆಂಟು ಫ್ರೇಮ್ ಆಡಿಯೂ ಯಾರು ಮೇಲೆಂದು ತೀರ್ಮಾನವಾಗದೆ ಹತ್ತೊಂಬತ್ತನೆಯದು ತೀರ್ಪು ಕೊಟ್ಟಿತು. ಆ ಒಂದು ಫ್ರೇಮ್ ಸೋತ ವಿಲ್ಸನ್ 2024ರಲ್ಲಿ ವಿಶ್ವ ಚಾಂಪಿಯನ್ ಆದರು.

ಈಗ ಹಾನಗಲ್ಲಿನ ತಮ್ಮನಿಗೆ ಉತ್ತರ. ಹಾವೇರಿ ಜಿಲ್ಲೆಯಲ್ಲಿ ರಟ್ಟಿಹಳ್ಳಿ ಸೇರಿ ಎಂಟು ತಾಲ್ಲೂಕು. ಎಂಟು ವಿಜೇತ ತಂಡಗಳು ಬಂದವು ಎನ್ನೋಣ. ಯಾರು ಎಷ್ಟೇ ಚೆನ್ನಾಗಿ ಆಡಲಿ, ಮೊದಲ ಸುತ್ತಿನಲ್ಲಿ ನಾಲ್ಕು ತಂಡ ಸೋಲಲೇಬೇಕು. ಸೋಲುವವರೆಲ್ಲ ತಾಲ್ಲೂಕಿನ ವಿಜೇತರೇ. ಅದೂ ಒಂದೇ ಪಂದ್ಯದ ತೀರ್ಪು. ನಾಲ್ಕೋ ಆರೋ ಬಾರಿ ಗೆದ್ದು ತೋರಿಸುವ ಅವಕಾಶ ನಿಮಗಿರಲಿಲ್ಲ. ಎದುರಿನ ತಂಡ ನಿಮಗಿಂತ ಮೇಲಿದ್ದಿರಬಹುದು, ಇಲ್ಲದಿರಬಹುದು. ಆ ಒಂದು ಸೋಲಿನಿಂದ ಅದನ್ನು ನಿರ್ಣಯಿಸಲು ಬರುವುದಿಲ್ಲ. ತಾಲ್ಲೂಕಿನಲ್ಲಿ ನೀವು ಸಾಲಾಗಿ ಗೆದ್ದ ಪಂದ್ಯಗಳು ಅಷ್ಟೇ ನಿಜ.

ನಂಬಿಕೆ ಬರದಿದ್ದರೆ ತರಗತಿಯಲ್ಲಿ ಪ್ರಯೋಗ ಮಾಡಿ. ಹತ್ತು ಚೀಟಿ ಬರೆಯಿರಿ. ಆರರಲ್ಲಿ 'ಅ', ನಾಲ್ಕರಲ್ಲಿ 'ಬ'. ಡಬ್ಬಿಗೆ ಹಾಕಿ ಕುಲುಕಿ ಒಂದನ್ನು ಎತ್ತಿ, ಗುರುತು ಹಾಕಿಕೊಂಡು ಚೀಟಿಯನ್ನು ಮತ್ತೆ ಒಳಗೆ ಹಾಕಿ. ಮೊದಲು ನಾಲ್ಕು ಬಾರಿ ಬಂದ ಅಕ್ಷರ ಆ ಪಂದ್ಯದ ವಿಜೇತ. ಐವತ್ತು ಪಂದ್ಯ ಆಡಿಸಿ 'ಬ' ಎಷ್ಟು ಗೆದ್ದಿತೆಂದು ಎಣಿಸಿ. ಹದಿನಾಲ್ಕು, ಹದಿನೈದರ ಆಸುಪಾಸು ಬರಬೇಕು. ತೀರ ಬೇರೆ ಬಂದರೆ ಚೀಟಿಗಳನ್ನು ಒಂದೇ ಅಳತೆಗೆ ಮಡಚಿದ್ದೀರಾ ನೋಡಿ, ಮತ್ತೊಮ್ಮೆ ಆಡಿಸಿ. ಲೆಕ್ಕವನ್ನು ಕಾರ್ಡಿನಲ್ಲಿ ಬರೆದು ನಮಗೆ ಕಳಿಸಿ. ಮುಂದಿನ ಮಾತುಕತೆಯಲ್ಲಿ ಓದೋಣ.