ಗುಲಾಬಿಯ ಮನೆಯ ಟಿ.ವಿ.

ಉಮಾಶ್ರೀ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ. ಮನೆಯ ಹಿರಿಯರನ್ನು ಕೇಳಿದರೆ ಹಳೆಯ ಸಿನಿಮಾಗಳ ಹಾಸ್ಯ ಪಾತ್ರಗಳನ್ನು ನೆನೆದು ನಗುತ್ತಾರೆ. ಆದರೆ 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದು ಒಬ್ಬ ಮುಸ್ಲಿಂ ಸೂಲಗಿತ್ತಿಯ ಪಾತ್ರಕ್ಕೆ. ಸಿನಿಮಾದ ಹೆಸರು 'ಗುಲಾಬಿ ಟಾಕೀಸ್'. ನಿರ್ದೇಶಕರು ಗಿರೀಶ ಕಾಸರವಳ್ಳಿ. ಮೆಚ್ಚಿನ ಸಿನಿಮಾ ಯಾವುದೆಂದು ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಕೇಳಿದವರು "ಯಾವುದು?" ಎಂದು ಇನ್ನೊಮ್ಮೆ ಕೇಳುತ್ತಾರೆ.

ಕಾಸರವಳ್ಳಿಯವರ ನಾಲ್ಕು ಸಿನಿಮಾಗಳಿಗೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿದೆ. ಬಹುಶಃ ತೊಂದರೆಯೂ ಅಲ್ಲೇ ಇದೆ. 'ಪ್ರಶಸ್ತಿ ಸಿನಿಮಾ' ಎಂದು ಹೆಸರು ಬಿದ್ದರೆ ಸಾಕು, ಅದು ಅರ್ಥವಾಗದ್ದು, ನಿಧಾನದ್ದು ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಇಂಥ ಸಿನಿಮಾಗಳಲ್ಲಿ ಸ್ಟಾರ್ ಇರುವುದಿಲ್ಲ, ಹಾಗಾಗಿ ಮೊದಲ ವಾರ ಟಾಕೀಸು ತುಂಬುವುದಿಲ್ಲ. ನೋಡಿದ ನಾಲ್ಕು ಜನ ಉಳಿದವರಿಗೆ ಹೇಳುವಷ್ಟರಲ್ಲಿ ಪೋಸ್ಟರ್ ಬದಲಾಗಿರುತ್ತದೆ.

ಕಥೆ ನಡೆಯುವುದು ಕುಂದಾಪುರ ಸೀಮೆಯ ಮೀನುಗಾರರ ದ್ವೀಪದಲ್ಲಿ. ನದಿ ನಡುವಿನ ಇಂಥ ಊರುಗಳನ್ನು ಅಲ್ಲಿಯವರು ಕುದ್ರು ಎನ್ನುತ್ತಾರೆ. ಗುಲಾಬಿಯ ಗಂಡ ಮೂಸಾ ಮೀನು ಮಾರಾಟದ ಸಣ್ಣ ಏಜೆಂಟ್. ಇವಳನ್ನು ಬಿಟ್ಟು ಎರಡನೆಯ ಹೆಂಡತಿಯ ಜೊತೆ ಇದ್ದಾನೆ. ಒಂಟಿ ಗುಲಾಬಿಗೆ ಸಿನಿಮಾ ಹುಚ್ಚು. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರು ಅವಳಿಗೆ ಡಿಶ್ ಸಮೇತ ಟಿ.ವಿ. ಕೊಡುತ್ತಾರೆ. ಗಂಡಸರು ಕಡಲಿಗೆ ಹೋದ ಮೇಲೆ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರುತ್ತಾರೆ. ಎಲ್ಲರೂ ಒಳಗೆ ಬರುವುದಿಲ್ಲ. ಸಾಬರ ಮನೆ ಎಂದು ಕೆಲವರು ಹೊರಗೆ ನಿಂತೇ ನೋಡುತ್ತಾರೆ. ಇದನ್ನು ಯಾರೂ ಮಾತಿನಲ್ಲಿ ವಿವರಿಸುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಎಂದು ನಾವೇ ಗಮನಿಸಬೇಕು. ಸಿನಿಮಾ ನೋಡುವಾಗ ಮೊಬೈಲ್ ಮುಟ್ಟಬೇಡಿ ಎನ್ನುವುದು ಈ ಕಾರಣಕ್ಕೆ.

ವೈದೇಹಿಯವರ ಮೂಲ ಕಥೆಯಲ್ಲಿ ನಾಯಕಿ ಲಿಲ್ಲಿಬಾಯಿ, ಊರಿಗೆ ಬರುವುದು ನಿಜವಾದ ಟಾಕೀಸು. ಕಾಸರವಳ್ಳಿ ಅವಳನ್ನು ಗುಲಾಬಿಯಾಗಿಸಿ, ಟಾಕೀಸಿನ ಜಾಗದಲ್ಲಿ ಟಿ.ವಿ. ಇಟ್ಟು, ಕಾಲವನ್ನು 1999ರ ಕಾರ್ಗಿಲ್ ಯುದ್ಧದ ಆಸುಪಾಸಿಗೆ ತಂದರು. ಈ ಬದಲಾವಣೆಯಿಂದ ಕಥೆಗೆ ಇನ್ನೊಂದು ತೂಕ ಬಂದಿದೆ.

ನನಗೆ ಸಿನಿಮಾ ಬಹಳ ಹಿಡಿಸಿದ್ದು ಜಗಳ ಹುಟ್ಟುವ ಬಗೆಯನ್ನು ಅದು ತೋರಿಸುವ ರೀತಿಗಾಗಿ. ಊರಿನಲ್ಲಿ ಮೊದಲು ಇದ್ದದ್ದು ಧರ್ಮದ ಜಗಳವಲ್ಲ, ಮೀನಿನ ಜಗಳ. ನಾಡದೋಣಿಯವನು ದಡದ ಹತ್ತಿರ ಬಲೆ ಬೀಸಿ ಅಂದಂದಿನ ಮೀನು ಹಿಡಿಯುವವನು. ಟ್ರಾಲ್ ಬೋಟು ಎಂಜಿನ್ ಬಲದಿಂದ ದೊಡ್ಡ ಬಲೆಯನ್ನು ಎಳೆದುಕೊಂಡು ಹೋಗುತ್ತದೆ. ಮರಿ ಮೀನುಗಳೂ ಅದರಲ್ಲಿ ಬಾಚಿ ಬರುತ್ತವೆ. ಮರಿಯೇ ಉಳಿಯದಿದ್ದರೆ ನಾಳೆ ದೋಣಿಯವನಿಗೆ ಸಿಗುವುದೇನು? ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಕಥೆಯಲ್ಲಿ ಟ್ರಾಲ್ ಬೋಟುಗಳ ಒಡೆಯ ಮುಸ್ಲಿಂ ಸಾಹುಕಾರ. ಸಿನಿಮಾ ಉದ್ದಕ್ಕೂ ಅವನು ಒಂದು ಸಲವೂ ಕಾಣಿಸುವುದಿಲ್ಲ. ಕಾಣದವನ ಮೇಲಿನ ಸಿಟ್ಟು ಕಣ್ಣೆದುರಿಗೆ ಇರುವವರ ಮೇಲೆ ತಿರುಗುತ್ತದೆ. ಇತ್ತ ಟಿ.ವಿ.ಯಲ್ಲಿ ಯುದ್ಧದ ಸುದ್ದಿ. ಬೋಟು ಬಿಡಿ, ಸರಿಯಾದ ದುಡಿಮೆಯೂ ಇಲ್ಲದ ಗುಲಾಬಿಗೂ ಆ ಸಾಹುಕಾರನಿಗೂ ಇರುವ ಸಂಬಂಧ ಹೆಸರಿನದು ಮಾತ್ರ, ಅಷ್ಟೇ ಸಾಕಾಗುತ್ತದೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವವರು ಇದನ್ನು ಒಮ್ಮೆ ನೋಡಲೇಬೇಕು.

ಗುಲಾಬಿಗೆ ಆಪ್ತಳಾದವಳು ನೇತ್ರು. ಊರಲ್ಲಿಲ್ಲದ ಗಂಡ, ಜೋರಿನ ಅತ್ತೆ, ಇವುಗಳ ನಡುವೆ ಟಿ.ವಿ. ನೋಡಲು ಬರುವ ಎರಡು ಗಂಟೆಯೇ ಅವಳ ಬದುಕು. (ಗಾಯಕಿ ಎಂ.ಡಿ. ಪಲ್ಲವಿ ಈ ಪಾತ್ರ ಮಾಡಿದ್ದಾರೆ.) ಒಂದು ದಿನ ನೇತ್ರು ಕಾಣೆಯಾಗುತ್ತಾಳೆ. ಗುಲಾಬಿಯೇ ಕಾರಣ ಎಂದು ಊರು ತೀರ್ಮಾನಿಸುತ್ತದೆ. ಊರಿನ ಮಕ್ಕಳನ್ನು ಕೈಯಾರೆ ಎತ್ತಿಕೊಂಡ ಸೂಲಗಿತ್ತಿ ಇವಳೇ ಎನ್ನುವುದು ಆಗ ಯಾರಿಗೂ ನೆನಪಾಗುವುದಿಲ್ಲ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಅವರ 'ಕರಿ ನಾಗರಗಳು' ಕಥೆಯನ್ನು ಕಾಸರವಳ್ಳಿಯವರೇ 2004ರಲ್ಲಿ 'ಹಸೀನಾ' ಎಂದು ಸಿನಿಮಾ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ಜಮಾತಿನ ಮುಂದೆ ನ್ಯಾಯ ಕೇಳುವ ಕಥೆ ಅದು. ನಮ್ಮ ಮನೆಯೊಳಗಿನ ಪ್ರಶ್ನೆಗಳನ್ನು ನಮಗೇ ಕೇಳುವ ಆ ಸಿನಿಮಾವನ್ನೂ ನಾವು ನೋಡಬೇಕು. ಆದರೂ ಎರಡರಲ್ಲಿ ನನ್ನ ಆಯ್ಕೆ ಗುಲಾಬಿಯೇ. ಹಸೀನಾಳನ್ನು ನೋಡಿದರೆ ಮರುಕ ಹುಟ್ಟುತ್ತದೆ. ಗುಲಾಬಿ ಮರುಕಕ್ಕೆ ಸಿಗುವವಳಲ್ಲ: ಹಟಮಾರಿ, ದುಡುಕಿನವಳು, ಸಿನಿಮಾ ಎಂದರೆ ಲೋಕ ಮರೆಯುವವಳು. ಸಿನಿಮಾಗಳಲ್ಲಿ ಮುಸ್ಲಿಂ ಪಾತ್ರ ಬಂದರೆ ಒಂದೋ ತೀರ ಒಳ್ಳೆಯವರು, ಇಲ್ಲವೇ ಖಳರು. ಇವಳು ಮಾತ್ರ ನಮ್ಮ ಓಣಿಯಲ್ಲೇ ಇರುವ ಯಾರೋ ದೊಡ್ಡಮ್ಮನ ಹಾಗಿದ್ದಾಳೆ.

ಕೊನೆ ಗೊತ್ತಾದರೆ ರುಚಿ ಕೆಡುವ ಸಿನಿಮಾ ಇದಲ್ಲ, ಆದ್ದರಿಂದ ಹೇಳುತ್ತೇನೆ. ಊರಿನ ಉಳಿದ ಮುಸ್ಲಿಮರು ಬಿಟ್ಟುಹೋದರೂ ಗುಲಾಬಿ ಹೋಗಲು ಒಪ್ಪುವುದಿಲ್ಲ. ಅವಳ ಮನೆಯನ್ನು ಹಾಳುಗೆಡವಿ ಅವಳನ್ನು ದ್ವೀಪದಿಂದ ಹೊರಗೆ ಕಳಿಸುತ್ತಾರೆ. ಟಿ.ವಿ. ಮಾತ್ರ ಅಲ್ಲೇ ಇದೆ ಎಂದು ಗೊತ್ತಾಗಿ ಇಬ್ಬರು ಮುದುಕಿಯರು ಆ ಮನೆಗೆ ಟಿ.ವಿ. ನೋಡಲು ಬರುತ್ತಾರೆ. ಅದನ್ನು ಹಚ್ಚುವುದು ಹೇಗೆಂದು ಅವರಿಬ್ಬರಿಗೂ ಗೊತ್ತಿಲ್ಲ.