ಮುಟ್ಟಿನ ಏರುಪೇರು: ಮೊದಲು ಕಾರಣ ತಿಳಿಯಿರಿ, ಆಮೇಲೆ ಮಾತ್ರೆ

ಮುಟ್ಟು ತಡವಾಗಿದೆ, ತಿಂಗಳಲ್ಲಿ ಎರಡು ಸಲ ಆಗುತ್ತಿದೆ, ಹತ್ತು ದಿನವಾದರೂ ನಿಲ್ಲುತ್ತಿಲ್ಲ ಎಂದು ಹೇಳಿಕೊಂಡು ಸ್ತ್ರೀರೋಗ ವಿಭಾಗಕ್ಕೆ ಅನೇಕ ತಾಯಂದಿರು, ಹೆಣ್ಣುಮಕ್ಕಳು ಬರುತ್ತಾರೆ. ಬರುವ ಮೊದಲೇ ಕೆಲವರು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿರುತ್ತಾರೆ. ಇನ್ನು ಕೆಲವರು ಹೇಳಿಕೊಳ್ಳಲು ನಾಚಿಕೊಂಡು ವರ್ಷಗಟ್ಟಲೆ ಸುಮ್ಮನಿದ್ದು, ರಕ್ತ ತೀರಾ ಕಡಿಮೆಯಾದ ಮೇಲೆ ಬರುತ್ತಾರೆ. ಎರಡೂ ಸರಿಯಲ್ಲ.

ಮುಟ್ಟಿನ ಏರುಪೇರು ಎಂಬುದು ಒಂದು ಕಾಯಿಲೆಯ ಹೆಸರಲ್ಲ. ಜ್ವರದ ಹಾಗೆ ಅದೊಂದು ಲಕ್ಷಣ. ಜ್ವರ ಮಲೇರಿಯಾದಿಂದಲೂ ಬರಬಹುದು, ನೆಗಡಿಯಿಂದಲೂ ಬರಬಹುದು. ಹಾಗೆಯೇ ಮುಟ್ಟು ತಪ್ಪಲು, ಹೆಚ್ಚಾಗಲು ಬೇರೆ ಬೇರೆ ಕಾರಣಗಳಿವೆ. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆ ನಿಮಗೆ ತೊಂದರೆ ಕೊಡಬಹುದು.

ಯಾವುದು ಸರಿ, ಯಾವುದು ಏರುಪೇರು?

ಮುಟ್ಟು ಆರಂಭವಾದ ದಿನವನ್ನು ಒಂದನೇ ದಿನ ಎಂದು ಹಿಡಿದು, ಮುಂದಿನ ಮುಟ್ಟು ಆರಂಭವಾಗುವ ದಿನದವರೆಗೆ ಎಣಿಸಬೇಕು. ಮಾರ್ಚ್ 5ಕ್ಕೆ ಮುಟ್ಟಾಗಿ, ಮತ್ತೆ ಏಪ್ರಿಲ್ 3ಕ್ಕೆ ಆದರೆ ನಿಮ್ಮ ಚಕ್ರ 29 ದಿನ. ಪ್ರಾಯದ ಹೆಂಗಸರಲ್ಲಿ 24ರಿಂದ 38 ದಿನಗಳ ಒಳಗೆ ಬಂದರೆ ಅದು ಸಹಜ. ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬರಬೇಕೆಂದಿಲ್ಲ. ಒಂದು ವಾರದಷ್ಟು ಹಿಂದೆ ಮುಂದೆ ಆದರೂ ಗಾಬರಿ ಬೇಡ. ಮಾರ್ಚ್ 2ಕ್ಕೂ ಮಾರ್ಚ್ 30ಕ್ಕೂ ಮುಟ್ಟಾದರೆ "ತಿಂಗಳಿಗೆ ಎರಡು ಸಲ" ಎಂದು ಹೆದರುವವರಿದ್ದಾರೆ. ಎಣಿಸಿ ನೋಡಿ, ಅದು 28 ದಿನ. ಸಹಜವೇ.

ರಕ್ತಸ್ರಾವ 8 ದಿನ ದಾಟಿದರೆ, 24 ದಿನಕ್ಕಿಂತ ಬೇಗ ಬೇಗ ಬರುತ್ತಿದ್ದರೆ, 38 ದಿನ ದಾಟಿ ಹೋಗುತ್ತಿದ್ದರೆ, ಎರಡು ಮುಟ್ಟಿನ ನಡುವೆ ರಕ್ತ ಕಾಣಿಸಿಕೊಂಡರೆ ಅದನ್ನು ಏರುಪೇರು ಎನ್ನುತ್ತೇವೆ.

ಮುಟ್ಟು ಹೇಗೆ ಬರುತ್ತದೆ?

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸೂಚನೆ ಕೊಡುತ್ತದೆ. ಅಂಡಾಶಯ ಹಾರ್ಮೋನು ಸುರಿಸಿ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಒಂದು ಅಂಡವನ್ನು ಬಿಡುಗಡೆ ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳ ನಂತರ ಆ ಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಅದೇ ಮುಟ್ಟು. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪದರ ಬೆಳೆಯುತ್ತಲೇ ಹೋಗುತ್ತದೆ. ಮುಟ್ಟು ತಡವಾಗುತ್ತದೆ, ಬಂದಾಗ ಗೆಡ್ಡೆಗೆಡ್ಡೆಯಾಗಿ ಹೆಚ್ಚು ಹೋಗುತ್ತದೆ. "ಮೈಯಲ್ಲಿ ಉಷ್ಣ ಹೆಚ್ಚಾಗಿದೆ" ಎಂದು ಮನೆಯಲ್ಲಿ ಹೇಳುವ ಎಷ್ಟೋ ತೊಂದರೆಗಳ ಹಿಂದೆ ಇರುವುದು ಇದೇ.

ಮೊದಲು ಗರ್ಭ ಇದೆಯೇ ನೋಡಿ

ಮದುವೆಯಾದ ಪ್ರಾಯದ ಹೆಂಗಸರಲ್ಲಿ ಮುಟ್ಟು ತಪ್ಪಿದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಬೇಕು. ಆಪರೇಷನ್ ಆಗಿದೆ, ಕಾಪರ್-ಟಿ ಇದೆ, ಮಗು ಇನ್ನೂ ಹಾಲು ಕುಡಿಯುತ್ತಿದೆ ಎಂದು ಬಿಡಬೇಡಿ. ಅಪರೂಪಕ್ಕೆ ಆಗಲೂ ಗರ್ಭ ನಿಲ್ಲುತ್ತದೆ. ಕೆಲವೊಮ್ಮೆ ಗರ್ಭ ನಾಳದಲ್ಲಿ ನಿಂತು, ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಂಡು, ಕಿಬ್ಬೊಟ್ಟೆಯ ಒಂದು ಬದಿ ನೋಯುತ್ತದೆ. ನಾಳ ಒಡೆದರೆ ಜೀವಕ್ಕೇ ಅಪಾಯ. ಪರೀಕ್ಷೆ ಮಾಡಿಸದೆ ಗರ್ಭ ಇಳಿಸುವ ಮಾತ್ರೆ ತಂದು ನುಂಗುವುದು ಇದಕ್ಕಾಗಿಯೇ ಅಪಾಯಕಾರಿ. ಎಳ್ಳು, ಬೆಲ್ಲ, ಪಪ್ಪಾಯಿ ತಿಂದು ಕಾಯುತ್ತ ಕೂರುವುದರಿಂದಲೂ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ವಯಸ್ಸಿಗೆ ತಕ್ಕಂತೆ ಕಾರಣಗಳು

ದೊಡ್ಡವರಾದ ಹುಡುಗಿಯರಲ್ಲಿ: ಮೊದಲ ಎರಡು ಮೂರು ವರ್ಷ 21ರಿಂದ 45 ದಿನದವರೆಗೆ ಹೆಚ್ಚು ಕಡಿಮೆ ಆಗುವುದು ಸಹಜ. ಅಂಡಾಶಯ ಇನ್ನೂ ಲಯಕ್ಕೆ ಬರುತ್ತಿರುತ್ತದೆ. ಪರೀಕ್ಷೆಯ ಚಿಂತೆ, ಹಾಸ್ಟೆಲಿಗೆ ಸೇರಿದ್ದು, ಊಟ ಬಿಟ್ಟು ತೀರಾ ಸಣ್ಣಗಾಗಿದ್ದು ಇವೂ ಮುಟ್ಟನ್ನು ತಡೆಯುತ್ತವೆ. ಆದರೆ ಸತತ ಮೂರು ತಿಂಗಳು ಬರದಿದ್ದರೆ, ಅಥವಾ 15 ವರ್ಷ ತುಂಬಿದರೂ ಮೈನೆರೆಯದಿದ್ದರೆ ತೋರಿಸಿ. ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋಗುತ್ತಿದ್ದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆ ಇದೆಯೇ ಎಂದೂ ಪರೀಕ್ಷಿಸಬೇಕಾಗುತ್ತದೆ.

20ರಿಂದ 40 ವರ್ಷದವರಲ್ಲಿ: ಪಿಸಿಓಡಿ ಬಹಳ ಸಾಮಾನ್ಯ. ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ತೂಕ ಹೆಚ್ಚುತ್ತದೆ, ಮುಖದ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಕಪ್ಪು ಕಾಣಿಸಿಕೊಳ್ಳಬಹುದು. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ತೂಕ ಜಾಸ್ತಿ ಇರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೆ, ಅಂದರೆ 70 ಕಿಲೋ ಇರುವವರು ನಾಲ್ಕರಿಂದ ಏಳು ಕಿಲೋ ಇಳಿಸಿದರೆ, ಅನೇಕರಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ.

ಥೈರಾಯ್ಡ್ ತೊಂದರೆ ಇನ್ನೊಂದು ಕಾರಣ. ಸುಸ್ತು, ಮಲಬದ್ಧತೆ, ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು ಇದ್ದರೆ ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಮಗುವಿಗೆ ಹಾಲುಣಿಸದಿದ್ದರೂ ಎದೆಯಲ್ಲಿ ಹಾಲು ಬರುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಅದೂ ಒಂದು ಹಾರ್ಮೋನಿನ ಏರುಪೇರು. ಕೆಮ್ಮು ಇಲ್ಲದಿದ್ದರೂ ಗರ್ಭಕೋಶಕ್ಕೆ ಕ್ಷಯ ತಗಲಿ ಮುಟ್ಟು ಕಡಿಮೆಯಾಗುವುದು, ಮಕ್ಕಳಾಗದಿರುವುದು ನಮ್ಮ ದೇಶದಲ್ಲಿ ಇಂದಿಗೂ ಇದೆ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ.

40 ದಾಟಿದವರಲ್ಲಿ: ಮುಟ್ಟು ನಿಲ್ಲುವ ಕಾಲ ಹತ್ತಿರವಾದಾಗ ಹಿಂದೆ ಮುಂದೆ ಆಗುವುದು ಉಂಟು. ಆದರೆ ಹೆಚ್ಚು ರಕ್ತ ಹೋಗುವುದನ್ನು "ನಿಲ್ಲೋ ಹೊತ್ತು, ಹೀಗೇ ಆಗುತ್ತೆ" ಎಂದು ತಳ್ಳಿಹಾಕಬೇಡಿ. ಗರ್ಭಕೋಶದ ಗಡ್ಡೆ ಇರಬಹುದು, ಒಳಪದರ ದಪ್ಪವಾಗಿರಬಹುದು. ಈ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಪರೀಕ್ಷೆ ಮಾಡದೆ ಹೇಳಲಾಗದು ಅಷ್ಟೇ. ಪೂರ್ತಿ 12 ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟಲ್ಲ. ಅದೇ ವಾರ ಆಸ್ಪತ್ರೆಗೆ ಬನ್ನಿ. ಕ್ಯಾನ್ಸರ್ ಇದ್ದರೂ ಆರಂಭದಲ್ಲಿ ಗೊತ್ತಾದರೆ ಗುಣಪಡಿಸುವ ಅವಕಾಶ ಹೆಚ್ಚು.

ಕುಟುಂಬ ಯೋಜನೆಯ ವಿಧಾನಗಳಿಂದ

ಕಾಪರ್-ಟಿ ಹಾಕಿಸಿಕೊಂಡ ಮೊದಲ ಕೆಲವು ತಿಂಗಳು ರಕ್ತ ಮತ್ತು ನೋವು ಸ್ವಲ್ಪ ಹೆಚ್ಚಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಇಂಜೆಕ್ಷನ್‌ನಿಂದ ಮೊದಲು ಆಗಾಗ ರಕ್ತ ಕಾಣಿಸಿ, ಆಮೇಲೆ ಮುಟ್ಟೇ ನಿಲ್ಲಬಹುದು. ಛಾಯಾ ಮಾತ್ರೆಯಿಂದ ಮುಟ್ಟು ತಡವಾಗಬಹುದು. ಇವುಗಳಿಂದ ಕೆಟ್ಟ ರಕ್ತ ಒಳಗೆ ಕಟ್ಟಿಕೊಳ್ಳುವುದಿಲ್ಲ. ಒಳಪದರ ಬೆಳೆಯದಿದ್ದರೆ ಕಳಚಲು ಏನೂ ಇರುವುದಿಲ್ಲ. ಆದರೂ ಯಾವ ವಿಧಾನ ಬಳಸುತ್ತಿದ್ದೀರಿ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಜಾತ್ರೆ, ಮದುವೆಗೆಂದು ಮುಟ್ಟು ಮುಂದೂಡುವುದು

ಗೃಹಪ್ರವೇಶ, ಮದುವೆ, ಜಾತ್ರೆ ಬಂದಾಗ ಮುಟ್ಟು ಮುಂದೆ ಹಾಕುವ ಮಾತ್ರೆ ಕೇಳುವವರು ಬಹಳ. ಇದು ಹಾರ್ಮೋನಿನ ಮಾತ್ರೆ. ನುಂಗುತ್ತಿರುವಷ್ಟು ದಿನ ಒಳಪದರವನ್ನು ಹಿಡಿದು ನಿಲ್ಲಿಸುತ್ತದೆ. ಬಿಟ್ಟ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ. ಆ ತಿಂಗಳ ಲೆಕ್ಕ ತಪ್ಪುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಗರ್ಭಿಣಿ ಇರಬಹುದಾದವರು ಇದನ್ನು ತೆಗೆದುಕೊಳ್ಳಬಾರದು. ತೀರಾ ಅಗತ್ಯವಿದ್ದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಇನ್ನೊಂದು ಮಾತು. ಮುಟ್ಟನ್ನು ಮೈಲಿಗೆ ಎಂದು ತಿಳಿದು ಮಾತ್ರೆ ನುಂಗುವ ಅಗತ್ಯವಿಲ್ಲ. 12ನೇ ಶತಮಾನದ ಬಸವಾದಿ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಮುಟ್ಟು ದೇಹದ ಸಹಜ ಧರ್ಮ. ಒಂದು ದಿನದ ಪೂಜೆಗಾಗಿ ಆರೋಗ್ಯ ಕೆಡಿಸಿಕೊಳ್ಳಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ವೈದ್ಯರು ಮೊದಲು ಕೇಳುವುದು ತಾರೀಖು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಮುಟ್ಟಾದ ದಿನಕ್ಕೆ ಒಂದು ಗುಂಡು ಸುತ್ತು ಹಾಕಿ, ನಿಂತ ದಿನಕ್ಕೆ ಒಂದು ಗೆರೆ ಎಳೆಯಿರಿ. ದಿನಕ್ಕೆ ಎಷ್ಟು ಬಟ್ಟೆ ಅಥವಾ ಪ್ಯಾಡ್ ಬದಲಿಸಿದಿರಿ, ಗೆಡ್ಡೆ ಹೋಯಿತೇ ಎಂದು ಬರೆದಿಡಿ. ಮೂರು ತಿಂಗಳ ಇಂಥ ಲೆಕ್ಕ ತಂದರೆ ಅರ್ಧ ಕೆಲಸ ಮುಗಿದಂತೆ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ತನ್ನಿ.

ನಂತರ ಮೂತ್ರ ಪರೀಕ್ಷೆ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿನ ಸ್ಕ್ಯಾನಿಂಗಿಗೆ ನೀರು ಕುಡಿದು ಮೂತ್ರ ಕಟ್ಟಿಕೊಂಡಿರಬೇಕು. 45 ದಾಟಿದವರಿಗೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು. ಮದುವೆಯಾಗದ ಹುಡುಗಿಯರಿಗೆ ಒಳಪರೀಕ್ಷೆ ಮಾಡುತ್ತಾರೆಂದು ಹೆದರಬೇಡಿ. ಅವರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್ ಸಾಕು.

ಗರ್ಭಕೋಶ ತೆಗೆಸಲೇಬೇಕೇ?

"ಮಕ್ಕಳಾಗಿವೆ, ಇನ್ನು ಗರ್ಭಚೀಲ ಯಾಕೆ, ತೆಗೆಸಿಬಿಡೋಣ" ಎಂದು ಅನೇಕರು ಕೇಳುತ್ತಾರೆ. ಆತುರ ಬೇಡ. ರಕ್ತ ಕಡಿಮೆ ಮಾಡುವ ಮಾತ್ರೆ, ಹಾರ್ಮೋನು ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಹೀಗೆ ಬೇರೆ ದಾರಿಗಳಿವೆ. ಬರೀ ಬಿಳಿಸೆರಗಿಗೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೈ ಬಿಸಿಯೇರುವುದು, ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ. ಅನಗತ್ಯ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಆಪರೇಷನ್ ಎಂದು ಯಾರೇ ಹೇಳಲಿ, "ಕಾರಣವೇನು, ಬೇರೆ ದಾರಿ ಇದೆಯೇ" ಎಂದು ಕೇಳಿ. ಇನ್ನೊಬ್ಬ ವೈದ್ಯರಿಗೂ ತೋರಿಸಿ. ಕೇಳುವುದು ನಿಮ್ಮ ಹಕ್ಕು. ಕ್ಯಾನ್ಸರ್‌ನಂಥ ಕಾರಣ ಖಚಿತವಾಗಿದ್ದರೆ ಮಾತ್ರ ಮುಂದೂಡಬೇಡಿ.

ಮನೆಯಲ್ಲಿ ನೀವು ಮಾಡಬಹುದಾದದ್ದು

• ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ. ಮನೆಗೆಲಸ ಮಾಡುತ್ತೇವೆ ಎಂಬುದು ನಡಿಗೆಗೆ ಬದಲಾಗುವುದಿಲ್ಲ.
• ಸಕ್ಕರೆ, ಬೇಕರಿ ತಿಂಡಿ, ಕರಿದದ್ದು ಕಡಿಮೆ ಮಾಡಿ. ರಾಗಿ, ಜೋಳ, ಕಾಳು, ಸೊಪ್ಪು ಹೆಚ್ಚಿಸಿ. ಊಟ ಬಿಡಬೇಡಿ.
• ರಕ್ತಹೀನತೆ ನೋಡಿಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು.
• ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ನುಂಗಬೇಡಿ. ನಿಂಬೆ ಪಾನಕದೊಂದಿಗೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ.
• ಥೈರಾಯ್ಡ್ ಅಥವಾ ಹಾರ್ಮೋನು ಮಾತ್ರೆಯನ್ನು ಮುಟ್ಟು ಸರಿಹೋಯಿತೆಂದು ನಡುವೆ ನಿಲ್ಲಿಸಬೇಡಿ.

ತಡಮಾಡದೆ ಬನ್ನಿ

• ಗಂಟೆಗೊಂದು ಪ್ಯಾಡ್ ತೋಯ್ದು ಎರಡು ಗಂಟೆ ದಾಟಿದರೆ, ದೊಡ್ಡ ಗೆಡ್ಡೆಗಳು ಹೋದರೆ
• ತಲೆಸುತ್ತು, ಉಬ್ಬಸ, ಎದೆ ಹೊಡೆದುಕೊಳ್ಳುವುದು ಇದ್ದರೆ
• ಮುಟ್ಟು ತಪ್ಪಿದ ಮೇಲೆ ರಕ್ತ ಮತ್ತು ಹೊಟ್ಟೆನೋವು ಬಂದರೆ
• ಜ್ವರದ ಜೊತೆ ದುರ್ವಾಸನೆಯ ಸ್ರಾವ ಇದ್ದರೆ
• ಸಂಸಾರ ಮಾಡಿದ ನಂತರ ರಕ್ತ ಕಂಡರೆ
• ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ

ಮೊದಲ ಮೂರರಲ್ಲಿ ಯಾವುದೇ ಆದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಜೊತೆಗೆ ಬಂದವರಿಗೆ

ಮನೆಯ ಯಜಮಾನರೇ, ಅತ್ತೆಯವರೇ, ಮಗಳನ್ನು ಕರೆತಂದ ತಾಯಂದಿರೇ, ಮುಟ್ಟಿನ ಏರುಪೇರು ಅವಳ ತಪ್ಪಲ್ಲ. ಮಕ್ಕಳಾಗುವುದಿಲ್ಲವೇನೋ ಎಂದು ಚುಚ್ಚಿ ಮಾತಾಡಬೇಡಿ. ಪಿಸಿಓಡಿ ಇದ್ದವರಿಗೂ, ಥೈರಾಯ್ಡ್ ಇದ್ದವರಿಗೂ ಚಿಕಿತ್ಸೆಯಿಂದ ಮಕ್ಕಳಾಗುತ್ತವೆ. ಮನೆಯವರೆಲ್ಲ ಉಂಡಾದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಬಿಡಿಸಿ, ರಕ್ತ ಕಡಿಮೆ ಇರುವವಳಿಗೆ ಮೊದಲು ಬಡಿಸಿ. ಅವಳು ವೈದ್ಯರ ಬಳಿ ಒಬ್ಬಳೇ ಮಾತಾಡಲು ಬಯಸಿದರೆ ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳಿ.

ಓದಿದ್ದರಲ್ಲಿ ತಿಳಿಯದ್ದು ಇದ್ದರೆ ಹೊರರೋಗಿ ವಿಭಾಗದ ಶುಶ್ರೂಷಕಿಯನ್ನು ಕೇಳಿ, ನಾಚಿಕೆ ಬೇಡ. ಈ ಹಾಳೆಯನ್ನು ಮನೆಗೆ ಒಯ್ದು, ಓದು ಬಾರದ ನೆರೆಹೊರೆಯ ಅಕ್ಕ ತಂಗಿಯರಿಗೂ ಓದಿ ಹೇಳಿ. ಇಂದೇ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ.