ಹೊಸ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್

ಖಾನಾಪುರ ತಾಲ್ಲೂಕಿನ ಬೀಡಿಯಂಥ ಊರಿನ ಡಿಟಿಪಿ ಅಂಗಡಿಗೆ ಬೆಳಗಾವಿಯಿಂದ ಹೊಸ ಕಂಪ್ಯೂಟರ್ ಬಂದರೆ ಅದಕ್ಕೂ ವಿಂಡೋಸ್ 7 ಹಾಕಿಕೊಡಿ ಎನ್ನುವವರಿದ್ದಾರೆ. ಇದು ಹಟವೇನಲ್ಲ. ಲಗ್ನಪತ್ರಿಕೆ, ಕರಪತ್ರಗಳ ಹಳೆಯ ಫೈಲುಗಳೆಲ್ಲ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿರುತ್ತವೆ. ಅಕ್ಷರಗಳು ಕನ್ನಡದವಾದರೆ ‘ನುಡಿ’ ಫಾಂಟಿನಲ್ಲಿ, ಮರಾಠಿಯವಾದರೆ ‘ಶ್ರೀಲಿಪಿ’ ಫಾಂಟಿನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ; ಅದಕ್ಕೆ ಹಳೆಯ ವಿಂಡೋಸೇ ಹಿತ. ಆದರೆ ವಿಂಡೋಸ್ 7 ಹಾಕಲು ಕೂತರೆ, ಬಯಾಸ್ ಪರದೆಯಲ್ಲಿ ಸರಿಯಾಗಿದ್ದ ಕೀಬೋರ್ಡ್, ಮೌಸ್ ಎರಡೂ ಭಾಷೆ ಆರಿಸುವ ಪರದೆ ಬಂದೊಡನೆ ಮಿಸುಕುವುದಿಲ್ಲ. ಕೆಟ್ಟಿರುವುದು ಏನೂ ಇಲ್ಲ. 2009ರ ವಿಂಡೋಸ್ 7ಕ್ಕೆ ಪರಿಚಯವಿರುವುದು ಯುಎಸ್‌ಬಿ 2.0ವರೆಗಿನ ನಿಯಂತ್ರಕಗಳು ಮಾತ್ರ. ಇಂಟೆಲ್ 2015ರ ಸ್ಕೈಲೇಕ್ ಪೀಳಿಗೆಯಲ್ಲಿ ಅವನ್ನೇ ಕೈಬಿಟ್ಟಿತು. ಬಯಾಸ್ ಹಿಡಿತ ಬಿಟ್ಟ ಕ್ಷಣದಿಂದ ವಿಂಡೋಸ್‌ಗೆ ಯುಎಸ್‌ಬಿ ಪೋರ್ಟುಗಳು ಇದ್ದೂ ಇಲ್ಲದಂತೆ. ಹೊಸ ಬಗೆಯ ಎನ್‌ವಿಎಂಇ ಡಿಸ್ಕಿನದೂ ಇದೇ ಪಾಡು. ಪ್ರೊಸೆಸರ್ ಮಾತ್ರ ನಿರಪರಾಧಿ: 1978ರ 8086 ಚಿಪ್ಪಿನ ಆದೇಶಗಳು ಅದಕ್ಕೆ ಇಂದಿಗೂ ಅರ್ಥವಾಗುತ್ತವೆ.

ಅಂದಮೇಲೆ ತಕರಾರು ಇರುವುದು ಮಿದುಳಿನಲ್ಲಲ್ಲ, ಸುತ್ತಲಿನ ಬಿಡಿಭಾಗಗಳಲ್ಲಿ. ಹಾಗಾಗಿ ಹೊಸ ಯಂತ್ರವನ್ನು ಹಿಂದಕ್ಕೆಳೆಯುವ ಬದಲು ಹಳೆಯ ವಿಂಡೋಸ್‌ಗೆ ಬೇಕಾದ ಹಳೆಯ ಪರಿಸರವನ್ನು ಅದರೊಳಗೇ ಕಟ್ಟಿಕೊಡುವುದು ಜಾಣತನ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಮಾಡುವುದು ಅದನ್ನೇ: ಹಳೆಯ ಡಿಸ್ಕ್ ನಿಯಂತ್ರಕ, ಹಳೆಯ ಯುಎಸ್‌ಬಿ, ಹಳೆಯ ಡಿಸ್‌ಪ್ಲೇ ಕಾರ್ಡುಗಳ ವೇಷ ಹಾಕುತ್ತದೆ; ಆದೇಶಗಳನ್ನು ಬಹುಪಾಲು ನಿಜವಾದ ಪ್ರೊಸೆಸರಿಗೇ ಬಿಡುತ್ತದೆ. ನಿಧಾನವಾದೀತೆಂಬ ಹೆದರಿಕೆಗೂ ಆಧಾರವಿಲ್ಲ. ಒಳಗೆ ಹಾಕುವುದು 7ಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿಯಾದರಂತೂ, 64 ಎಂಬಿ ಸ್ಮೃತಿಯಲ್ಲೂ ಕುಂಟುತ್ತ ನಡೆಯುತ್ತಿದ್ದ ಅದಕ್ಕೆ ಇಂದಿನ ಯಂತ್ರದ ಒಂದು ಮೂಲೆಯೇ ಧಾರಾಳ.

ಹೊಸ ಬಿಡಿಭಾಗಗಳ ಡ್ರೈವರುಗಳನ್ನು ಸೇರಿಸಿಯೇ ವಿಂಡೋಸ್ 7 ಹಾಕಿದರಾಯಿತಲ್ಲ ಎನ್ನಬಹುದು. ಸ್ಕೈಲೇಕ್‌ವರೆಗೆ ಅದು ನಡೆಯಿತು. ಮುಂದಿನ ಪೀಳಿಗೆಗಳಲ್ಲಿ ಗ್ರಾಫಿಕ್ಸ್ ಡ್ರೈವರೇ ಸಿಗದೆ, ಅಕ್ಷರಗಳು ಅಗಲಕ್ಕೆ ಎಳೆದಂತೆ ಕಾಣುವ ಪರದೆಯ ಮೇಲೆ ಲಗ್ನಪತ್ರಿಕೆಯ ಅಂಚು ಹೊಂದಿಸಬೇಕಾದೀತು. ನೆಟ್ ಹಾಕಿಸದಿದ್ದರೆ ವೈರಸ್ ಭಯವಿಲ್ಲ ಎಂಬ ವಾದವೂ ಗಟ್ಟಿಯಲ್ಲ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ, ನೆಟ್ ಇಲ್ಲದ ಯಂತ್ರಗಳಿಗೂ ಪೆನ್‌ಡ್ರೈವ್ ಮೂಲಕ ನುಗ್ಗಬಲ್ಲುದಾಗಿತ್ತು. ಡಿಟಿಪಿ ಅಂಗಡಿಗೆ ಬರುವ ಗಿರಾಕಿಯ ಕೈಯಲ್ಲಿ ಇರುವುದೂ ಪೆನ್‌ಡ್ರೈವೇ. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಸುರಕ್ಷಾ ತೇಪೆಗಳು 2020ರ ಜನವರಿ 14ಕ್ಕೇ ನಿಂತಿವೆ. ವರ್ಚುವಲ್‌ಬಾಕ್ಸ್ ಒಳಗೆ ಕಟ್ಟಿದ ವರ್ಚುವಲ್ ಯಂತ್ರಕ್ಕೂ ಸೋಂಕು ತಗಲೀತು, ನಿಜ. ಆದರೆ ಅಲ್ಲಿ ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ ಮರಳಿದರೆ ಮುಗಿಯಿತು.

ಹಳೆಯ ಫೈಲುಗಳನ್ನೆಲ್ಲ ನುಡಿ, ಶ್ರೀಲಿಪಿಗಳಿಂದ ಯೂನಿಕೋಡ್‌ಗೆ ಬದಲಿಸಿಬಿಡಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪಠ್ಯ ಬದಲಾಗುತ್ತದೆ, ಪುಟವಿನ್ಯಾಸ ಬರುವುದಿಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡವೇ ತಿಳಿಯದು. ಹೊಸ ಪತ್ರಿಕೆಗಳು ಯೂನಿಕೋಡ್‌ನಲ್ಲೇ ಆಗಲಿ. ಹಳೆಯವನ್ನು ಒಳಗಿನ ವಿಂಡೋಸ್‌ನಲ್ಲಿ ತಿದ್ದಿ, ಪಿಡಿಎಫ್ ಮಾಡಿ, ಹೊರಗಿನ ಹೊಸ ವಿಂಡೋಸ್‌ನಿಂದ ಪ್ರಿಂಟ್ ಕೊಡುವುದು ಲೇಸು. ಹೊಸ ಪ್ರಿಂಟರಿಗೆ ಎಕ್ಸ್‌ಪಿಯ ಡ್ರೈವರ್ ಹುಡುಕುವ ಕೆಲಸವೂ ಅಲ್ಲಿಗೆ ತಪ್ಪುತ್ತದೆ.